ಎಡಮೂಲೆಯ ಕೆಂಪು

ಮೂರು ವಾರ ಕೂತು ಬಣ್ಣ ಹಚ್ಚಿ ಕಳಿಸಿದ್ದ ಇಂಜಿನ್ನು ಹದಿನೈದು ದಿನಕ್ಕೆ ಅದೇ ಪೆಟ್ಟಿಗೆಯಲ್ಲಿ ಪುಣೆಯಿಂದ ಸುರಪುರದ ರಂಗಂಪೇಟೆಗೆ ವಾಪಸು ಬಂತು. ಗೇಣುದ್ದದ ಹಿತ್ತಾಳೆಯ ಮಾದರಿ ಅದು, ಗೂಡ್ಸ್ ಗಾಡಿ ಎಳೆಯುತ್ತಿದ್ದ ಹಳೆಯ ಡೀಸೆಲ್ ಇಂಜಿನ್ನಿನದು. ಸುತ್ತಿದ್ದ ಹತ್ತಿಯ ಮೇಲೆ ಡಾಕ್ಟರ್ ಸಂಜೀವಕುಮಾರರ ಚೀಟಿ ಇತ್ತು. 'ಇದು ದುಡಿದು ಹಳೆಯದಾದಂತೆ ಕಾಣುವುದಿಲ್ಲ, ಕೆರೆಯಲ್ಲಿ ಮುಳುಗಿಸಿ ತೆಗೆದಂತೆ ಕಾಣುತ್ತದೆ. ಬಣ್ಣ ಕಿತ್ತು ಮತ್ತೆ ಮಾಡಿ. ಅವಸರವಿಲ್ಲ.'

ಭಾರತಿ ಚೀಟಿಯನ್ನು ಎರಡು ಸಲ ಓದಿದಳು. ಸಿಟ್ಟು ಮಾಡಿಕೊಳ್ಳೋಣವೆಂದರೆ ಆತ ಹೇಳಿದ್ದು ಸರಿಯಾಗಿಯೇ ಇತ್ತು. ಹಳೆಯದೆಂದರೆ ತುಕ್ಕು ಎಂದುಕೊಂಡು ಅವಳು ಮೇಲಿನಿಂದ ಕೆಳಗಿನವರೆಗೆ ಒಂದೇ ಸಮ ತುಕ್ಕು ಬಳಿದಿದ್ದಳು.

ಅವಳ ತಂದೆ ವೆಂಕಟಪ್ಪ ಸುರಪುರದಲ್ಲಿ ನಲವತ್ತು ವರ್ಷ ಅಂಗಡಿ ಬೋರ್ಡು, ಲಾರಿಯ ಹಿಂಬದಿಯ ಅಕ್ಷರ ಬರೆದ ಮನುಷ್ಯ. ಕುಂಚ ಹಿಡಿಯುವುದನ್ನು ಭಾರತಿ ಕಲಿತದ್ದು ಅವನಿಂದಲೇ. ಫ್ಲೆಕ್ಸ್ ಬಂದ ಮೇಲೆ ಬೋರ್ಡು ಬರೆಸುವವರು ಇಲ್ಲವಾದರು. ವೆಂಕಟಪ್ಪನ ಕಣ್ಣೂ ಮಂಜಾದವು. ಭಾರತಿ ಶಹಾಪುರದ ಒಂದು ಖಾಸಗಿ ಹೈಸ್ಕೂಲಿನಲ್ಲಿ ಚಿತ್ರಕಲೆಯ ಟೀಚರಾಗಿ ಸೇರಿಕೊಂಡಳು. ಶಾಲೆಯ ವಸ್ತುಪ್ರದರ್ಶನಕ್ಕೆ ಅವಳು ರಟ್ಟಿನಲ್ಲಿ ಮಾಡಿದ್ದ ಗೂಡ್ಸ್ ಡಬ್ಬಿಯ ಚಿತ್ರ ಮೊಬೈಲಿನಿಂದ ಮೊಬೈಲಿಗೆ ದಾಟಿ ಪುಣೆಯ ಈ ಡಾಕ್ಟರನ್ನು ಮುಟ್ಟಿತ್ತು. ಡಾಕ್ಟರ ತಂದೆ ಯಾದಗಿರಿ ಸ್ಟೇಷನ್ನಿನಲ್ಲಿ ಬುಕಿಂಗ್ ಕ್ಲಾರ್ಕ್ ಆಗಿದ್ದವರು. ಮಗನಿಗೆ ರೈಲಿನ ಮಾದರಿಗಳನ್ನು ಕೂಡಿಡುವ ಹುಚ್ಚು. ಥಳಥಳಿಸುವ ಹೊಸ ಮಾದರಿಗಳು ಬೇಕಾದಷ್ಟು ಸಿಗುತ್ತವೆ, ತಾನು ಕಂಡಂತೆ ಮಾಸಿದ್ದು, ಸವೆದದ್ದು ಎಲ್ಲೂ ಸಿಗುವುದಿಲ್ಲ ಎಂಬುದು ಅವರ ಕೊರಗು. ಬಣ್ಣವಿಲ್ಲದ ಹಿತ್ತಾಳೆಯ ಮಾದರಿಯ ಜೊತೆಗೆ ಒಂದು ಫೋಟೊ ಕಳಿಸಿದ್ದರು. ಹದಿಮೂರು ವರ್ಷದ ಹಿಂದೆ, ಒಂದು ಜನವರಿಯಲ್ಲಿ, ಯಾದಗಿರಿಯ ಪ್ಲಾಟ್‌ಫಾರ್ಮಿನಿಂದ ಅವರೇ ತೆಗೆದದ್ದು. ಇಂಜಿನ್ನಿನ ಕೊನೆಯ ಮೂರು ಅಂಕಿ ಮುನ್ನೂರ ಒಂಬತ್ತು.

ವೆಂಕಟಪ್ಪ ವಾಪಸು ಬಂದ ಮಾದರಿಯನ್ನು ಕೈಗೆ ತೆಗೆದುಕೊಂಡು ಹೆಬ್ಬೆರಳಿನಿಂದ ಸವರಿ ನೋಡಿದ.

"ಬಣ್ಣ ಹೋಗಾಕೂ ಒಂದು ಕಾರಣ ಬೇಕವ್ವಾ," ಅಂದ. "ಲಾರಿ ಬಾಗಲದಾಗ ಬಣ್ಣ ಮೊದಲ ಎಲ್ಲಿ ಹೋಗತದ? ಕ್ಲೀನರ್ ಕೈ ಬಡಿಯೋ ಕಡಿ. ಇದರ ಮ್ಯಾಲ ಯಾರ ಕೈ ಎಲ್ಲಿ ಬೀಳತದಂತ ನಿನಗ ಗೊತ್ತದ ಏನು?"

ಗೊತ್ತಿರಲಿಲ್ಲ. ಹಾಗಾಗಿ ಮುಂದಿನ ಭಾನುವಾರ ಅವಳು ಯಾದಗಿರಿಯ ಬಸ್ಸು ಹತ್ತಿದಳು.

ಈಗ ಆ ಮಾರ್ಗಕ್ಕೆಲ್ಲ ಕರೆಂಟಿನ ತಂತಿ ಬಂದಿದೆ. ಡೀಸೆಲ್ ಇಂಜಿನ್ನು ಕಾಣುವುದೇ ಅಪರೂಪ. ಅವಳ ಅದೃಷ್ಟಕ್ಕೆ ಹಳಿಗೆ ಜಲ್ಲಿ ಹಾಕುವ ಗಾಡಿಯೊಂದು ಮೂರನೆಯ ಲೈನಿನಲ್ಲಿ ನಿಂತಿತ್ತು. ಅದಕ್ಕೆ ಮುದಿ ಡೀಸೆಲ್ಲೇ ಇತ್ತು. ಪ್ಲಾಟ್‌ಫಾರ್ಮ್ ಟಿಕೇಟು ತೆಗೆದುಕೊಂಡು ಬೆಂಚಿನ ಮೇಲೆ ಕೂತು ನೋಟುಬುಕ್ಕಿನಲ್ಲಿ ಅದನ್ನು ಬರೆದುಕೊಳ್ಳತೊಡಗಿದಳು. ಅರ್ಧ ಗಂಟೆಯಾಗಿರಬೇಕು, ರೈಲ್ವೆ ಪೊಲೀಸಿನವನೊಬ್ಬ ಬಂದು ನಿಂತ.

"ಏನ್ ಬರೀಲಾಕತ್ತೀರಿ ಇಲ್ಲಿ?"

"ಇಂಜಿನ್ ಬರೀಲಾಕತ್ತೀನ್ರಿ."

"ಯಾರ ಪರ್ಮಿಷನ್ ತಗೊಂಡೀರಿ?"

ಇಂಜಿನ್ನಿನ ಚಿತ್ರಕ್ಕೆ ಪರ್ಮಿಷನ್ ಬೇಕೆಂದು ಭಾರತಿಗೆ ತಿಳಿದಿರಲಿಲ್ಲ. ಪಕ್ಕದ ಬೆಂಚಿನಲ್ಲಿ ಪೇಪರು ಓದುತ್ತಿದ್ದ ವಯಸ್ಸಾದವನೊಬ್ಬ ಎದ್ದು ಬಂದು ನೋಟುಬುಕ್ಕಿನೊಳಗೆ ಇಣುಕಿದ.

"ಬಿಡಪಾ ಸಾಹೇಬ," ಎಂದು ಪೊಲೀಸನಿಗೆ ಹೇಳಿದ. "ಈಕಿ ಬರದ ಚಿತ್ರ ನೋಡಿ ಇಂಜಿನ್ ಕದೀತೀನಂದ್ರೂ ಆಗೂದಿಲ್ಲ. ಗಾಲಿನೇ ಒಂದು ಕಮ್ಮಿ ಅದ."

ಪೊಲೀಸಿನವನು ನಕ್ಕು ಹೋದ. ಆ ಮನುಷ್ಯ ಭಾಗಣ್ಣ. ಭೀಮಾ ದಂಡೆಯ ಹಳ್ಳಿಯವನು, ಮೀನು ಹಿಡಿಯುವವರ ಮನೆಯಲ್ಲಿ ಹುಟ್ಟಿ ರೈಲ್ವೆ ಸೇರಿ ಮೂವತ್ತೊಂದು ವರ್ಷ ಗೂಡ್ಸ್ ಗಾಡಿ ಓಡಿಸಿದವನು. ರಿಟೈರಾಗಿ ಏಳು ವರ್ಷವಾಗಿತ್ತು. ಸ್ಟೇಷನ್ನಿನ ಹಿಂದೆಯೇ ಮನೆ. ಬೆಳಿಗ್ಗೆ ಪೇಪರು ಓದುವುದು ಮಾತ್ರ ಇದೇ ಬೆಂಚಿನ ಮೇಲೆ.

ಭಾರತಿ ತನ್ನ ಕೆಲಸ ಏನೆಂದು ಹೇಳಿದಳು. ಗೊಂಬೆ ಇಂಜಿನ್ನಿಗೆ ಹಳೆಯ ಬಣ್ಣ ಹಚ್ಚಿಸಿಕೊಳ್ಳುವವರೂ ಇದ್ದಾರೆಂಬುದನ್ನು ನಂಬಲು ಅವನಿಗೆ ಸ್ವಲ್ಪ ಹೊತ್ತು ಹಿಡಿಯಿತು. ನಂಬಿದ ಮೇಲೆ ಪೇಪರನ್ನು ಮಡಿಸಿ ಬಗಲಲ್ಲಿ ಇಟ್ಟುಕೊಂಡ.

"ಮೊದಲ ಮ್ಯಾಲ ನೋಡು. ಹೊಗಿ ಬರೋ ತೂತು ಎಲ್ಲದ? ಅಲ್ಲಿಂದ ಹಿಂದಕ ಮಸಿ ಬಳದಂಗ ಆಗ್ಯದ, ಮುಂದಕ ಆಗಿಲ್ಲ. ಈಗ ಮಗ್ಗಲ ನೋಡು. ಒಂದಾಳು ಎತ್ತರ ತನಕ ಬಣ್ಣ ಜರಾ ಬೆಳ್ಳಗದ, ಅದರ ಮ್ಯಾಲ ಹೊಲಸು. ಯಾಕ?"

ಅವಳು ನೋಡಿದಳು. "ತೊಳಿಯೋರ ಕೈ ಅಲ್ಲೀ ತನಕನೇ ಮುಟ್ಟತದ."

"ಹಾಂ. ಈಗ ಡ್ರೈವರ್ ಕಿಡಕಿ ಕೆಳಗ?"

ಕಿಟಕಿಯ ಕೆಳಗೆ ಅಂಗೈ ಅಗಲದ ಜಾಗ ಬಣ್ಣ ಹೋಗಿ ನುಣ್ಣಗೆ ಹೊಳೆಯುತ್ತಿತ್ತು. ಅದರ ಕೆಳಗಿನಿಂದ ಕಂದು ಗೆರೆಗಳು ಇಳಿದಿದ್ದವು.

"ಹೊಳಿಯೋದು ಮೊಣಕೈ ಇಡೋ ಜಾಗ. ಕೆಳಗಿಂದು ತುಕ್ಕಲ್ಲ, ಗುಟಕಾ. ನಾ ಉಗುಳತಿರಲಿಲ್ಲ, ಆದ್ರ ನನ್ನ ಮ್ಯಾಲೂ ಅದ ಹೆಸರು ಬಂತು."

ಆ ದಿನ ಅವಳು ಹನ್ನೊಂದು ಪುಟ ತುಂಬಿಸಿದಳು. ಮೆಟ್ಟಿಲಿನ ಅಂಚಿನಲ್ಲಿ ಬರೀ ಕಬ್ಬಿಣ, ಏಕೆಂದರೆ ಬೂಟು ಅಲ್ಲೇ ಉಜ್ಜುತ್ತದೆ. ಡೀಸೆಲ್ ತುಂಬುವ ಬಾಯಿಯ ಕೆಳಗೆ ಧೂಳೇ ಇಲ್ಲ, ಚೆಲ್ಲಿದ ಎಣ್ಣೆ ಅಲ್ಲಿಯದನ್ನು ತೊಳೆದುಬಿಡುತ್ತದೆ. ಕೆನೆಬಣ್ಣದ ಪಟ್ಟಿ ಹಳದಿಗೆ ತಿರುಗುತ್ತದೆ, ಕಡುಗೆಂಪು ಬೂದಿ ಹಿಡಿದಂತೆ ಬೆಳ್ಳಗಾಗುತ್ತದೆ. ನಿಜವಾದ ತುಕ್ಕು ಎಲ್ಲಿದೆಯೆಂದು ಹುಡುಕಿದರೆ, ನೀರು ನಿಲ್ಲುವ ನಾಲ್ಕೈದು ಮೂಲೆಗಳಲ್ಲಿ ಮಾತ್ರ.

ಮುಂದಿನ ಎರಡು ಭಾನುವಾರಗಳೂ ಹೀಗೇ ಕಳೆದವು. ನಡುವಿನ ದಿನಗಳಲ್ಲಿ ಶಾಲೆಯಿಂದ ಬಂದವಳೇ ಭಾರತಿ ಹಳೆಯ ಬಣ್ಣ ಕಿತ್ತು ಹೊಸದಾಗಿ ಪದರ ಕಟ್ಟಿದಳು. ತಂದೆಯ ಕಾಲದ ಅಳಿಲುಕೂದಲಿನ ಕುಂಚದಲ್ಲಿ ಗುಟಕಾದ ಗೆರೆ ಎಳೆಯುವಾಗ ಅವಳಿಗೇ ನಗು ಬಂತು. ಬಣ್ಣಕ್ಕೆ ಜೀವ ಬರುತ್ತಿರುವುದು ಕೈಗೆ ತಿಳಿಯುತ್ತಿತ್ತು. ಫೋಟೊದಲ್ಲಿ ಮುಂಭಾಗದ ಎಡಮೂಲೆಯಲ್ಲಿ, ದೀಪದ ಕೆಳಗೆ, ಎರಡಡಿ ಅಗಲದ ಒಂದು ತೇಪೆ ಇತ್ತು. ಸುತ್ತಲಿನ ಬಣ್ಣ ಮಾಸಿದ್ದರೂ ಅಷ್ಟು ಜಾಗ ಮಾತ್ರ ಹೊಸ ಕೆಂಪು. ಇಡೀ ಇಂಜಿನ್ನಿನಲ್ಲಿ ಅವಳಿಗೆ ಬಹಳ ಹಿಡಿಸಿದ್ದು ಅದೇ. ಇಂಥದೊಂದು ವಿವರ ಇದ್ದರೆ ನೋಡಿದವರು ನಂಬುತ್ತಾರೆ ಎಂದು ಅದನ್ನು ಕೊನೆಗೆಂದು ಉಳಿಸಿಕೊಂಡಳು.

ನಾಲ್ಕನೆಯ ಭಾನುವಾರ ಮಾದರಿಯನ್ನು ಟವೆಲಿನಲ್ಲಿ ಸುತ್ತಿಕೊಂಡು ಭಾಗಣ್ಣನ ಮನೆಗೇ ಹೋದಳು. ಅವನ ಹೆಂಡತಿ ಸಾಯಬಮ್ಮ ಚಹಾಕ್ಕಿಟ್ಟಳು. ಭಾಗಣ್ಣ ಕನ್ನಡಕ ಹಾಕಿಕೊಂಡು ಮಾದರಿಯನ್ನು ಬೆಳಕಿಗೆ ಹಿಡಿದ. ಮೊಣಕೈ ಜಾಗ ನೋಡಿ ತಲೆದೂಗಿದ. ಆಮೇಲೆ ನಂಬರಿನ ಮೇಲೆ ಅವನ ಕಣ್ಣು ಬಿತ್ತು.

"ಮುನ್ನೂರ ಒಂಬತ್ತು," ಅಂದ. "ಇದೇ ಇಂಜಿನ್ ಅಂತ ನೀ ಹೇಳಲಿಲ್ಲಲ್ಲ."

"ನೀವು ಕೇಳಲಿಲ್ರಿ. ಫೋಟೊ ಇಲ್ಲದ ನೋಡ್ರಿ. ಈ ಎಡಮೂಲಿದು ಒಂದ ಉಳದದ."

ಫೋಟೊವನ್ನು ಅವನು ಒಂದೇ ಸಲ ನೋಡಿದ. ಟೇಬಲ್ಲಿನ ಮೇಲೆ ಬೋರಲಾಗಿ ಇಟ್ಟ. ಚಹಾ ಬಂತು, ಕುಡಿದ. ಪೇಟೆಯಲ್ಲಿ ಕೆಲಸವಿದೆಯೆಂದು ಚಪ್ಪಲಿ ಮೆಟ್ಟಿ ಹೊರಗೆ ಹೋದ. ಸಾಯಬಮ್ಮ ಬಾಗಿಲ ಕಡೆ ನೋಡಿ, "ಮುಂದಿನ ವಾರ ಬಾರವ್ವ," ಎಂದಷ್ಟೇ ಹೇಳಿದಳು. ಮುಖ ನೋಡಿದರೆ ಅವಳಿಗೆ ಕಾರಣ ಗೊತ್ತಿದ್ದಂತಿತ್ತು. ಭಾರತಿ ಕೇಳಲಿಲ್ಲ.

ಮುಂದಿನ ವಾರ ಭಾಗಣ್ಣ ಬೆಂಚಿನ ಮೇಲೆ ಪೇಪರಿಲ್ಲದೆ ಕೂತಿದ್ದ. ಅವಳು ಕೂತ ಮೇಲೆ ಪೀಠಿಕೆಯಿಲ್ಲದೆ ಶುರು ಮಾಡಿದ.

"ಆ ಫೋಟೊ ತೆಗಿಯೋಕಿಂತ ಒಂದೂವರಿ ತಿಂಗಳ ಹಿಂದಿನ ಮಾತು. ಹತ್ತಿ ಬಿಡಸೋ ಸುಗ್ಗಿ. ಇಲ್ಲಿಂದ ಸೈದಾಪುರದ ಕಡಿ ಹೊಂಟಿದ್ದೆ, ಹಿಂದ ಸಿಮೆಂಟಿನ ಗಾಡಿ. ಹೊಲದ ದಾರಿ ಒಂದು ಹಳಿ ದಾಟತಿತ್ತು, ಆಗ ಅಲ್ಲಿ ಗೇಟ್ ಇರಲಿಲ್ಲ. ಟ್ರ್ಯಾಕ್ಟರ್ ಹಳಿ ಮ್ಯಾಲ ಬಂದು ಬಂದ್ ಬಿತ್ತು. ಹಿಂದ ಟ್ರೇಲರ್ ತುಂಬ ಹತ್ತಿ. ಹಾರನ್ ಹೊಡದೆ, ಬ್ರೇಕ್ ಹಾಕಿದೆ. ಅಷ್ಟು ವಜ್ಜಿ ಗಾಡಿ ನಿಲ್ಲಬೇಕಂದ್ರ ಮುಕ್ಕಾಲು ಕಿಲೋಮೀಟರ್ ಬೇಕು. ಟ್ರ್ಯಾಕ್ಟರಿನವ ಇಳದು ಓಡಿದ. ಬಚಾವಾದ ಅಂದ್ಕೊಂಡೆ. ಮತ್ತ ತಿರುಗಿ ಬಂದ."

"ಯಾಕ್ರಿ?"

"ಗೊತ್ತಿಲ್ಲ. ಟ್ರೇಲರಿನ ಕೊಂಡಿ ಬಿಚ್ಚಾಕ ಬಂದಿರಬೇಕು. ಬಗ್ಗಿದ್ದ, ನನಗ ಬೆನ್ನು ಕಾಣತಿತ್ತು. ಇಂಜಿನ್ ನಿಂತ ಮ್ಯಾಲ ಇಳದು ನೋಡಿದ್ರ, ಮುಂದೆಲ್ಲ ಹತ್ತಿ ಹತ್ತಿತ್ತು. ಬೆಳ್ಳಗ, ಕುರಿ ಮೈ ಇದ್ದಂಗ. ಎಡಮೂಲಿ ತಗಡು ಒಳಗ ಹೋಗಿತ್ತು. ಶಾಂತಪ್ಪ ಅಂತ ಅವನ ಹೆಸರು. ಆಮ್ಯಾಲ ಗೊತ್ತಾತು."

ವಿಚಾರಣೆಯಾಯಿತು, ಡ್ರೈವರನ ತಪ್ಪಿಲ್ಲವೆಂದು ಬರೆದರು. ಇಂಜಿನ್ ರಿಪೇರಿಯ ಶೆಡ್ಡಿನಲ್ಲಿ ತಗಡು ಬಡಿದು ಸರಿಮಾಡಿ, ಕೆಟ್ಟಷ್ಟು ಜಾಗಕ್ಕೆ ಮಾತ್ರ ಬಣ್ಣ ಹಚ್ಚಿದರು. ಮೂರು ತಿಂಗಳಿಗೆ ಡ್ಯೂಟಿ ಪಟ್ಟಿಯಲ್ಲಿ ಅದೇ ಇಂಜಿನ್ನು ಭಾಗಣ್ಣನ ಪಾಲಿಗೆ ಮತ್ತೆ ಬಂತು. ಹತ್ತುವ ಮೊದಲು ಇಂಜಿನ್ನನ್ನು ಸುತ್ತು ಹಾಕಿ ನೋಡುವುದು ನಿಯಮ. ಪ್ರತಿ ಸಲವೂ ಆ ತೇಪೆ ಕಾಣುತ್ತಿತ್ತು.

"ಬಿಸಲಿಗೆ ದಿನಾ ಇಷ್ಟಿಷ್ಟ ಮಾಸತಾ ಬಂತು. ನಾಕನೇ ವರ್ಷ ಮಳಿಗಾಲ ಮುಗದ ಮ್ಯಾಲ ನೋಡಿದ್ರ ಎಲ್ಲಾ ಒಂದ ಆಗಿತ್ತು. ಗೊತ್ತಿದ್ದವರಿಗೂ ಗುರ್ತು ಹತ್ತತಿರಲಿಲ್ಲ." ಅವನು ಅವಳ ಕಡೆ ತಿರುಗಿದ. "ಆ ವರ್ಷದ್ದು ಮಾಡಾಕ ಬರೂದಿಲ್ಲೇನು? ಇಂಜಿನ್ ಅದೇ, ನಂಬರ್ ಅದೇ. ವರ್ಷ ಅಷ್ಟ ಬ್ಯಾರೆ."

ಕೇಳುತ್ತಿದ್ದಂತೆ ಭಾರತಿಗೆ ತಾನು ಆ ತೇಪೆಯನ್ನು ಕೊನೆಗೆಂದು ಆಸೆಪಟ್ಟು ಉಳಿಸಿಕೊಂಡದ್ದು ನೆನಪಾಗಿ ಕಿವಿ ಬಿಸಿಯಾದವು. "ಡಾಕ್ಟರಿಗೆ ಕೇಳತೀನ್ರಿ," ಅಂದಳು.

ಅಂದು ಮಧ್ಯಾಹ್ನವೇ ಶಹಾಪುರದ ಬಸ್‌ಸ್ಟ್ಯಾಂಡಿನಿಂದ ಫೋನು ಮಾಡಿದಳು. ಶಾಂತಪ್ಪನ ಸುದ್ದಿ ಎತ್ತಲಿಲ್ಲ. ಅದು ತನ್ನ ಮಾತಲ್ಲ, ತಾನು ಹಂಚುವುದು ಸರಿಯಲ್ಲ ಎಂದು ಅವಳಿಗೆ ಅನಿಸಿತ್ತು. ಫೋಟೊ ತೆಗೆದ ಮೂರ್ನಾಲ್ಕು ವರ್ಷದ ನಂತರದ ರೂಪದಲ್ಲಿ ಮಾಡಿದರೆ ನಡೆಯುತ್ತದೆಯೇ ಎಂದಷ್ಟೇ ಕೇಳಿದಳು.

ಡಾಕ್ಟರು ತುಸು ಯೋಚಿಸಿದರು. "ಇಲ್ರಿ ಟೀಚರ್, ಅದು ಹಂಗ ಬ್ಯಾಡ. ಆ ಫೋಟೊ ತೆಗೆದ ದಿನ ನಮ್ಮಪ್ಪ ನನ್ನ ಮಗ್ಗಲದಾಗ ನಿಂತಿದ್ರು. ಅವರ ಸಂಗಾಟ ನಾನು ನೋಡಿದ ಕಡೀ ಇಂಜಿನ್ ಅದು. ಮುಂದಿನ ತಿಂಗಳು ಅವರು ಹೋದರು. ಅವತ್ತು ಹ್ಯಾಂಗ ಇತ್ತೋ ಹಂಗ ಬೇಕು. ಆ ಮೂಲಿ ಕೆಂಪು ಸುದ್ದಾ ಹಂಗ ಇರಲಿ."

ಫೋನಿಟ್ಟಾಗ ಭಾರತಿಗೆ ಬೇಸರಕ್ಕಿಂತ ಸಮಾಧಾನವೇ ಹೆಚ್ಚಾಯಿತು. ಒಪ್ಪಿಕೊಂಡ ಕೆಲಸ ಒಪ್ಪಿಕೊಂಡಂತೆಯೇ ಆಗಬೇಕಿತ್ತು. ಆ ಸಮಾಧಾನದ ಬಗ್ಗೆ ಅವಳಿಗೆ ಸ್ವಲ್ಪ ನಾಚಿಕೆಯೂ ಆಯಿತು.

ಆ ವಾರ ಫೋಟೊ ಎದುರಿಗಿಟ್ಟುಕೊಂಡು ತೇಪೆಯನ್ನು ಬರೆದಳು. ವೆಂಕಟಪ್ಪ ಪಕ್ಕದಲ್ಲಿ ಕೂತು ಭಾಗಣ್ಣ ಕೇಳಿದ್ದು, ಡಾಕ್ಟರು ಒಪ್ಪದ್ದು ಎರಡನ್ನೂ ಕೇಳಿಸಿಕೊಂಡ. ಕಡೆಗೆ, "ಕಳಿಸೋಕಿಂತ ಮೊದಲ ಅವರಿಗೆ ತೋರಿಸಿ ಬಾ. ಮುಚ್ಚಿ ಕಳಿಸಿದಂಗ ಆಗಬಾರದು," ಎಂದ. ಅವಳಿಗೂ ಹಾಗೇ ಅನಿಸಿತ್ತು. ತೋರಿಸುವುದು ಸುಲಭದ ಕೆಲಸವಾಗಿರಲಿಲ್ಲ, ಆದರೂ ಹೋದಳು. ಬೇಕಾದೀತೆಂದು ಬಣ್ಣದ ಡಬ್ಬಿಯನ್ನೂ ಚೀಲಕ್ಕೆ ಹಾಕಿಕೊಂಡಳು.

ಭಾಗಣ್ಣ ಅಂಗಳದ ಬೇವಿನ ನೆರಳಿಗೆ ಕುರ್ಚಿ ಹಾಕಿಕೊಂಡು ಕೂತಿದ್ದ. ಅವಳು ನಿಂತೇ ಹೇಳಿದಳು.

"ಡಾಕ್ಟರು ಒಪ್ಪಲಿಲ್ರಿ. ಅವರಪ್ಪನ ಸಂಗಾಟ ನೋಡಿದ್ದಂತ. ಇದ್ದಂಗ ಮಾಡೀನಿ. ನೀವು ನೋಡೂದಿಲ್ಲಂದ್ರ ನಾ ಹಂಗ ಹೋಗತೀನಿ."

"ತೆಗಿ," ಅಂದ ಭಾಗಣ್ಣ.

ಅವಳು ಟವೆಲು ಬಿಚ್ಚಿ ಅವನ ಕೈಗೆ ಕೊಟ್ಟಳು. ಅವನು ಎಡಮೂಲೆಯನ್ನೇ ಮುಖದ ಹತ್ತಿರ ತಂದುಕೊಂಡ. ಒಮ್ಮೆ ಬೆಳಕಿಗೆ, ಒಮ್ಮೆ ನೆರಳಿಗೆ ತಿರುಗಿಸಿ ನೋಡಿದ. ಸಾಯಬಮ್ಮ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು.

"ಇದು ಅಲ್ಲ," ಅಂದ ಕಡೆಗೆ.

"ಏನ್ರಿ?"

"ಈ ಕೆಂಪಲ್ಲ. ಇದು ಉಳದ ಇಂಜಿನ್ನಿಂದ ಕೆಂಪು, ಜರಾ ಹೊಸದು ಅಷ್ಟ. ಅವತ್ತು ಶೆಡ್ಡಿನಾಗ ಈ ಬಣ್ಣ ಖಾಲಿ ಆಗಿತ್ತು. ಯಾವುದೋ ಬ್ಯಾರೆ ಡಬ್ಬಿದು ಹಚ್ಚಿದ್ರು. ಇದು ಕುಂಕುಮ ಆತು, ಅದು ಇಟ್ಟಂಗಿ ಇತ್ತು. ಇಟ್ಟಂಗಿಗಿಂತಲೂ ಒಂದೀಟು ಕಾವಿ ಕಡಿ."

"ಫೋಟೊದಾಗ ಹಿಂಗ ಕಾಣತದ್ರಿ."

"ಫೋಟೊದಾಗ ಸಂಜಿ ಬಿಸಲು ಬಿದ್ದದ. ನಾ ನಾಕು ವರ್ಷ ನೋಡೀನಿ."

ಭಾರತಿ ಡಬ್ಬಿ ತೆರೆದು ನೆಲದ ಮೇಲೆ ಕೂತಳು. ಒಂದು ತಟ್ಟೆಯಲ್ಲಿ ಕೆಂಪಿಗೆ ಹಳದಿ ಬೆರೆಸಿ ತೋರಿಸಿದಳು. ಅಲ್ಲ ಎಂದ. ಕಂದು ಸೇರಿಸಿದಳು. ಕಮ್ಮಿ ಮಾಡು ಎಂದ. ಐದನೆಯ ಸಲಕ್ಕೆ ಅವನೇ ಕುರ್ಚಿಯಿಂದಿಳಿದು ಅವಳ ಎದುರಿಗೆ ಕೂತ. ಕಡ್ಡಿಯಿಂದ ಹಳದಿಯನ್ನು ಸಾಸಿವೆಯಷ್ಟು ಎತ್ತಿ ಹಾಕಿ ತಿರುವಿದ. ಮತ್ತೆ ಅಷ್ಟೇ ಹಾಕಿದ. ಬಣ್ಣ ಸರಿಬಂದಾಗ ತಟ್ಟೆಯನ್ನು ಅವಳ ಕಡೆ ಸರಿಸಿದ.

ಅಲ್ಲೇ, ಆ ನೆರಳಲ್ಲೇ, ಅವಳು ಹಳೆಯದನ್ನು ಒರೆಸಿ ಹೊಸದನ್ನು ಹಚ್ಚಿದಳು. ಅಂಚು ಎಲ್ಲಿ ನಿಲ್ಲಬೇಕೆಂದು ಅವನು ಬೆರಳಿನಿಂದ ತೋರಿಸಿದ. ಶೆಡ್ಡಿನವರು ಅಗಲ ಕುಂಚದಲ್ಲಿ ಅಡ್ಡಡ್ಡ ಎಳೆದಿದ್ದರಂತೆ, ಬಲಗಡೆಯ ಅಂಚು ನೇರವಿರಲಿಲ್ಲವಂತೆ, ಕೆಳಗೆ ಒಂದು ಹನಿ ಇಳಿದು ಒಣಗಿತ್ತಂತೆ. ಅವಳು ಆ ಹನಿಯನ್ನೂ ಬರೆದಳು.

ಬಣ್ಣ ಒಣಗುವ ತನಕ ಮಾಡುವ ಕೆಲಸವಿರಲಿಲ್ಲ. ಭಾಗಣ್ಣ ಕೈ ಒರೆಸಿಕೊಳ್ಳುತ್ತಾ ಮಾತಾಡಿದ.

"ರಿಟೈರ್ ಆದ ಮ್ಯಾಲ ಒಂದ್ಸಲ ಶಾಂತಪ್ಪನ ಮನಿಗೆ ಹೋಗಿದ್ದೆ. ಹೇಣತಿ ಭೀಮಮ್ಮ ಅಂತ. ಹೋಗಿ ಏನಂತ ಹೇಳಬೇಕು? ಎಮ್ಮಿ ಮಾರತೀರಂತ ಕೇಳಿ ಬಂದೀನಿ ಅಂದೆ. ಎಮ್ಮಿ ಇಲ್ಲರಿ, ಯಾರೋ ನಿಮಗ ಸುಳ್ಳು ಹೇಳ್ಯಾರ ಅಂದ್ಲು. ದೂರಿಂದ ಬಂದೀರಿ, ಕೂಡ್ರಿ ಅಂದ್ಲು. ಚಹಾ ಕೊಟ್ಲು. ಗೋಡಿಗೆ ಆತನ ಫೋಟೊ ಇತ್ತು. ಮಕಾ ನಾ ಅವತ್ತೇ ಮೊದಲ ನೋಡಿದ್ದು."

"ಆಕಿಗೆ ಗುರ್ತು ಹತ್ತಲಿಲ್ಲೇನ್ರಿ?"

"ಹೊಂಟಾಗ ಬಾಗಲ ತನಕ ಬಂದ್ಲು. ನೀವು ರೇಲ್ವೇದವರೇನು ಅಂದ್ಲು. ಹೌದು ಅಂದೆ. ಮತ್ತೇನೂ ಕೇಳಲಿಲ್ಲ."

ಸಾಯಬಮ್ಮ ಬಾಗಿಲಲ್ಲಿ ನಿಂತಲ್ಲೇ ನಿಂತಿದ್ದಳು. ಈ ಭೇಟಿಯ ಸುದ್ದಿ ಅವಳಿಗೂ ಗೊತ್ತಿರಲಿಲ್ಲ. "ನನಗ ಹೇಳಲಿಲ್ಲ ನೀ," ಅಂದಳು. ಅವಳು ಒಳಗೆ ಹೋಗಿ ಮೂವರಿಗೂ ರೊಟ್ಟಿ ಬಡಿಯತೊಡಗಿದಳು. ಬಡಿಯುವ ಸದ್ದು ಎಂದಿಗಿಂತ ಜೋರಾಗಿತ್ತು.

ಸೋಮವಾರ ಪೆಟ್ಟಿಗೆ ಪುಣೆಗೆ ಹೋಯಿತು. ಶನಿವಾರ ಶಾಲೆಯ ವಿರಾಮದ ಹೊತ್ತಿನಲ್ಲಿ ಡಾಕ್ಟರ ಫೋನು ಬಂತು. ಮೊಣಕೈ ಜಾಗ, ಮಸಿ, ಮೆಟ್ಟಿಲು, ಒಂದೊಂದನ್ನೂ ಹೆಸರಿಟ್ಟು ಹೊಗಳಿದರು. ಕೊನೆಗೆ ಕೇಳಿದರು.

"ಆ ಮೂಲಿ ಬಣ್ಣ ಮಾತ್ರ ಫೋಟೊದಾಗ ಹಂಗಿಲ್ಲಲ್ರಿ. ಕೆಂಪಿತ್ತು. ನೀವು ಇಟ್ಟಂಗಿ ಮಾಡೀರಿ."

"ಫೋಟೊಕ್ಕ ಸಂಜಿ ಬಿಸಲು ಬಿದ್ದಿತ್ರಿ. ಖರೇ ಬಣ್ಣ ಇದೇ. ಓಡಿಸಿದವರು ಹೇಳ್ಯಾರ."

"ಓಡಿಸಿದವರು ಅದಾರೇನು? ನಂಬರ್ ಕೊಡ್ರಿ ಹಂಗಾದ್ರ. ಮಾತಾಡಬೇಕು."

"ಕೇಳಿ ಹೇಳತೀನ್ರಿ."

ಕೇಳಿದಳು. ಭಾಗಣ್ಣ ಬೇಡವೆಂದ. "ಮಾತಾಡಿದ್ರ ಅವರಿಗೂ ಹೇಳಬೇಕಾಗತದ. ಅವರಪ್ಪನ ಇಂಜಿನ್ ಅವರಿಗಿರಲಿ," ಅಂದ. ಅವಳು ಅದನ್ನು ಡಾಕ್ಟರಿಗೆ ಹಾಗೇ ಹೇಳದೆ, ಅವರಿಗೆ ಕಿವಿ ಮಂದ, ಫೋನು ಹಿಡಿಯುವುದಿಲ್ಲ ಎಂದು ಒಂದು ಸಣ್ಣ ಸುಳ್ಳು ಹೇಳಿದಳು. ತೇಪೆಯ ಬಣ್ಣ ಬದಲಿಸಲೇ ಎಂದು ಕೇಳಿದ್ದಕ್ಕೆ ಡಾಕ್ಟರು ಬೇಡವೆಂದರು. ಓಡಿಸಿದವರು ಹೇಳಿದ ಮೇಲೆ ಮುಗಿಯಿತು, ಇದ್ದ ಹಾಗೇ ಇರಲಿ ಎಂದರು.

ಆಷಾಢದಲ್ಲಿ ಎರಡನೆಯ ಪೆಟ್ಟಿಗೆ ಬಂತು. ಬೇರೆ ಇಂಜಿನ್ನು, ಬೇರೆ ನಂಬರು, ವಾಡಿಯ ಹತ್ತಿರ ತೆಗೆದ ಫೋಟೊ. ಭಾರತಿ ಈ ಸಲ ಮೊದಲು ನಂಬರು ತೋರಿಸಿದಳು. ಭಾಗಣ್ಣ ಕನ್ನಡಕ ಏರಿಸಿ ನೋಡಿ, ಇದನ್ನು ತಾನು ಒಂದು ದಿನವೂ ಓಡಿಸಿಲ್ಲ ಎಂದ. ಆಮೇಲೆ ಬೆಂಚಿನ ಮೇಲೆ ಜರುಗಿ ಅವಳಿಗೆ ಜಾಗ ಮಾಡಿಕೊಟ್ಟು, ಫೋಟೊದಲ್ಲಿ ಬಿಸಿಲು ಯಾವ ಕಡೆಯಿಂದ ಬಿದ್ದಿದೆಯೆಂದು ಹುಡುಕತೊಡಗಿದ.